ನೀರಿಗಿಳಿಯುವ ಗಡಿಯಾರವೂ ಅದನ್ನು ಹಿಡಿದಿಡುವ ಪಟ್ಟಿಯೂ

ಪ್ರಾಚೀನ ಕಾಲದಲ್ಲಿ ನಮ್ಮ ದೇಶದವರು ಕಾಲವನ್ನು ನೀರಿನಿಂದ ಅಳೆಯುತ್ತಿದ್ದರೆಂಬುದನ್ನು ವಾಚಕರಲ್ಲಿ ಅನೇಕರು ಬಲ್ಲರು. ಅರ್ಧಗೋಳಾಕಾರವಾದ ತಾಮ್ರದ ಬಟ್ಟಲೊಂದರ ತಳದಲ್ಲಿ ಸೂಕ್ಷ್ಮವಾದ ರಂಧ್ರವನ್ನು ಕೊರೆದು, ಅದನ್ನು ನಿರ್ಮಲ ಜಲದಿಂದ ತುಂಬಿದ ಪಾತ್ರೆಯಲ್ಲಿ ತೇಲಬಿಡುವುದು. ರಂಧ್ರದ ಮೂಲಕ ನೀರು ಮೆಲ್ಲಮೆಲ್ಲನೆ ಒಳಸೇರಿ ಬಟ್ಟಲು ಮುಳುಗುವುದು. ಹಾಗೆ ಒಂದಾವರ್ತಿ ಮುಳುಗಲು ಹಿಡಿಯುವ ಅವಧಿಯೇ ಒಂದು ಘಟಿಕೆ, ಅಂದರೆ ಈಗಿನ ಲೆಕ್ಕದಲ್ಲಿ 24 ನಿಮಿಷ. ಒಂದು ಅಹೋರಾತ್ರಿಯಲ್ಲಿ ಬಟ್ಟಲು 60 ಸಲ ಮುಳುಗಬೇಕೆಂದು ಸೂರ್ಯಸಿದ್ಧಾಂತವು ವಿಧಿಸಿರುವುದು. ವಿವಾಹಾದಿ ಶುಭಕಾರ್ಯಗಳಲ್ಲಿ ಮುಹೂರ್ತವನ್ನು ತಿಳಿಯಲು ಹಿರಿಯರು ಈ ಘಟಿಕಾಪಾತ್ರೆಯನ್ನೇ ನಂಬಿದ್ದರು. ಅದು ಮುಳುಗಿದರೆ ಮಾತ್ರ ಕಾಲವನ್ನು ಹೇಳುವ ಯಂತ್ರ.

ಈಗ ನಾವು ಬರೆಯಲು ಹೊರಟಿರುವುದು ಇದಕ್ಕೆ ತೀರ ವಿಪರೀತವಾದ ಇನ್ನೊಂದು ಯಂತ್ರದ ವಿಷಯ. ಮನುಷ್ಯನೊಡನೆ ಸಮುದ್ರದ ಆಳಕ್ಕೆ ಮುಳುಗಿದರೂ ಒಂದು ಬಿಂದುವಿನಷ್ಟು ನೀರನ್ನೂ ಒಳಕ್ಕೆ ಬಿಟ್ಟುಕೊಳ್ಳದೆ, ಕತ್ತಲೆಯಲ್ಲಿಯೂ ಕಾಲವನ್ನು ತೋರಿಸುತ್ತಲೇ ಇರುವ ಕೈಗಡಿಯಾರವದು. ಮುಳುಗುಗಾರರಿಗಾಗಿ ಹುಟ್ಟಿದ ಈ ವಸ್ತುವು ಇಂದು ಧನಿಕರ ಭೂಷಣವಾಗಿ, ಸಂಗ್ರಾಹಕರ ವ್ಯಸನವಾಗಿ ಪರಿಣಮಿಸಿದೆ. ಅದರ ಬೆಲೆಯು ಹಲವು ಲಕ್ಷ ರೂಪಾಯಿಗಳವರೆಗೂ ಏರುವುದುಂಟು. ಮಕ್ಕಳಿಗೆ ಶಬ್ದರೂಪಗಳನ್ನೂ ಸಮಾಸಗಳನ್ನೂ ಕಲಿಸುತ್ತ ಆಯುಷ್ಯದ ಬಹುಭಾಗವನ್ನು ಕಳೆದು, ಈಗ ಮಾಣಿಯ ಸಮೀಪದ ಅಡಿಕೆ ತೋಟದ ಮಧ್ಯೆ ವಿಶ್ರಾಂತರಾಗಿರುವ ನಮಗೂ ಈ ಗಡಿಯಾರಕ್ಕೂ ಎತ್ತಣ ಸಂಬಂಧವೆಂದು ವಾಚಕರು ಕೇಳಬಹುದು. ಅದನ್ನೇ ಮೊದಲು ನಿವೇದಿಸುವೆವು.

ಕಳೆದ ಚೈತ್ರದಲ್ಲಿ ನಮ್ಮ ತಂಗಿಯು ಮನೆಗೆ ಬಂದವಳು ಕಾಫಿಯ ಲೋಟವನ್ನು ಮುಟ್ಟದೆ, "ಅಣ್ಣಾ, ನೀನಾದರೂ ಅವನಿಗೆ ಒಂದು ಮಾತು ಹೇಳು. ಹಟ್ಟಿಯ ಮಾಡು ಸೋರುತ್ತ ಎರಡು ಮಳೆಗಾಲ ಕಳೆಯಿತು. ಅವನು ನೋಡಿದರೆ ಕೈಗೆ ಕಟ್ಟುವ ಗಡಿಯಾರಕ್ಕೆ ಲಕ್ಷಗಟ್ಟಲೆ ಸುರಿಯುತ್ತಾನೆ. ಮೂರು ಉಂಟು, ಈಗ ನಾಲ್ಕನೆಯದು ಬೇಕಂತೆ" ಎಂದು ಕಣ್ಣೊರಸಿಕೊಂಡಳು. ಅವಳ ಮಗನು, ಎಂದರೆ ನಮ್ಮ ಸೋದರಳಿಯನು, ಬೆಂಗಳೂರಿನಲ್ಲಿ ಒಳ್ಳೆಯ ಉದ್ಯೋಗದಲ್ಲಿರುವವನು. ದುರ್ವ್ಯಸನಿಯಲ್ಲ, ವಿನಯಶಾಲಿ. ಬಾಲ್ಯದಲ್ಲಿ ನಮ್ಮಲ್ಲಿಯೇ ಇದ್ದು ಓದಿದವನಾದುದರಿಂದ ನಮ್ಮ ಮಾತಿಗೆ ಅವನಲ್ಲಿ ಸ್ವಲ್ಪ ಗೌರವವುಂಟು. ಆ ವಾರದ ಕೊನೆಯಲ್ಲಿ ಅವನು ಊರಿಗೆ ಬಂದಾಗ ನಾವು ಅವನನ್ನು ಕರೆಯಿಸಿದೆವು.

ಅವನು ಬರುವಾಗ ಚಿಕ್ಕದೊಂದು ಪೆಟ್ಟಿಗೆಯನ್ನು ತಂದನು. ಅದರ ಮೆತ್ತನೆಯ ಗೂಡುಗಳಲ್ಲಿ ಮೂರು ಗಡಿಯಾರಗಳು ಮಲಗಿದ್ದುವು: ಒಂದು ಜಪಾನಿನದು, ಎರಡು ಸ್ವಿಟ್ಜರ್ಲೆಂಡಿನವು. "ಮಾವ, ನೀವು ಬೈಯುವುದಕ್ಕೇ ಕರೆಸಿದ್ದೆಂದು ಗೊತ್ತು. ಬೈಯುವ ಮೊದಲು ಇದನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿ" ಎಂದನು. ಹಿಡಿದು ನೋಡಿದೆವು. ಪದಾರ್ಥವನ್ನು ಪರೀಕ್ಷಿಸದೆ ದೂಷಿಸುವುದು ತರ್ಕಶಾಸ್ತ್ರಕ್ಕೆ ಸಮ್ಮತವಲ್ಲವಷ್ಟೆ. ಅಂದಿನಿಂದ ಅವನಿಂದ ಕೇಳಿಯೂ ಗ್ರಂಥಗಳನ್ನು ತರಿಸಿ ಓದಿಯೂ ನಾವು ತಿಳಿದುಕೊಂಡದ್ದನ್ನು ಗೃಹಸ್ಥರಿಗೆ ಉಪಯೋಗವಾಗುವಂತೆ ಇಲ್ಲಿ ಸಂಗ್ರಹಿಸಿರುವೆವು.

ಇತಿಹಾಸ

ಕೈಗಡಿಯಾರಕ್ಕೆ ಧೂಳೂ ನೀರೂ ಹುಟ್ಟುವೈರಿಗಳು. 1926ರಲ್ಲಿ ರೋಲೆಕ್ಸ್ ಸಂಸ್ಥೆಯವರು ಹಿಂಬದಿಯ ಮುಚ್ಚಳವನ್ನೂ ಕೀಲಿ ಕೊಡುವ ಗುಂಡಿಯನ್ನೂ ತಿರುಪಿನಿಂದ ಬಿಗಿಯುವ ಒಂದು ಕವಚವನ್ನು ನಿರ್ಮಿಸಿ, ಅದಕ್ಕೆ ಆಯ್‌ಸ್ಟರ್ ಎಂದು ಹೆಸರಿಟ್ಟರು. ಮುತ್ತಿನ ಚಿಪ್ಪಿನಂತೆ ಭದ್ರವಾಗಿ ಮುಚ್ಚಿಕೊಳ್ಳುವುದೆಂದು ಅಭಿಪ್ರಾಯ. ಮರುವರ್ಷ, ಎಂದರೆ 1927ನೆಯ ಅಕ್ಟೋಬರ್ 7ರಂದು ಮರ್ಸಿಡಿಸ್ ಗ್ಲೈಟ್ಸೆ ಎಂಬ ಆಂಗ್ಲ ಯುವತಿಯು ಇಂಗ್ಲೆಂಡಿಗೂ ಫ್ರಾನ್ಸಿಗೂ ನಡುವಣ ಕಡಲುಕಾಲುವೆಯನ್ನು ಈಜಿ ದಾಟಿದಳು. ಅಷ್ಟರಲ್ಲಿ ಬೇರೊಬ್ಬಳು ತಾನೂ ದಾಟಿದೆನೆಂದು ಸುಳ್ಳು ಹೇಳಿ ಸಿಕ್ಕಿಬಿದ್ದುದರಿಂದ ಈಕೆಯ ಸಾಧನೆಯೂ ಸಂಶಯಕ್ಕೆ ಗುರಿಯಾಯಿತು. ಮಾನವನ್ನು ಉಳಿಸಿಕೊಳ್ಳಲು ಅದೇ ತಿಂಗಳ 21ರಂದು ಆಕೆ ಪುನಃ ನೀರಿಗಿಳಿದಳು. ಈ ಸಲ ಅವಳ ಕೊರಳಲ್ಲಿ ಆ ಗಡಿಯಾರವು ತೂಗುತ್ತಿದ್ದಿತು. ನೀರು ವಿಪರೀತ ತಣ್ಣಗಿದ್ದುದರಿಂದ ಹತ್ತು ಗಂಟೆಗಳಿಗೂ ಮಿಕ್ಕಿ ಹೋರಾಡಿದ ಮೇಲೆ ಅವಳನ್ನು ಮೇಲಕ್ಕೆತ್ತಬೇಕಾಯಿತು. ದಡ ಸಿಕ್ಕಲಿಲ್ಲ, ಆದರೆ ಅವಳ ಧೈರ್ಯವನ್ನು ಕಂಡವರಿಗೆ ಸಂಶಯವು ಉಳಿಯಲಿಲ್ಲ. ಗಡಿಯಾರವೂ ನಿಲ್ಲದೆ ನಡೆಯುತ್ತಿದ್ದಿತು. ಆ ವಾರ್ತೆಯನ್ನು ಸಂಸ್ಥೆಯವರು ಲಂಡನ್ನಿನ ಪತ್ರಿಕೆಯ ಮೊದಲ ಪುಟದಲ್ಲಿಯೇ ಜಾಹೀರುಮಾಡಿದರು.

ಆದರೆ ಈಜುವುದು ಬೇರೆ, ಮುಳುಗುವುದು ಬೇರೆ. 1943ರಲ್ಲಿ ಫ್ರಾನ್ಸಿನ ಕೂಸ್ಟೋ ಮತ್ತು ಗಾನ್ಯಾಂ ಎಂಬವರು, ಬೆನ್ನಿಗೆ ಕಟ್ಟಿದ ಕೊಳವೆಯಿಂದ ಬೇಕಾದಷ್ಟೇ ಗಾಳಿಯನ್ನು ಸೇದುವ ಉಪಕರಣವನ್ನು ಸಿದ್ಧಪಡಿಸಿದ ಬಳಿಕ ಮನುಷ್ಯನು ಮೀನಿನಂತೆ ಆಳದಲ್ಲಿ ಸಂಚರಿಸಲು ಸಮರ್ಥನಾದನು. ಆಗ ಕಾಲದ ಲೆಕ್ಕವು ಪ್ರಾಣದ ಲೆಕ್ಕವೇ ಆಯಿತು. ಕೊಳವೆಯಲ್ಲಿ ಇನ್ನೆಷ್ಟು ಹೊತ್ತಿನ ಗಾಳಿಯಿದೆ, ಎಷ್ಟು ನಿಧಾನವಾಗಿ ಮೇಲೇರಬೇಕು ಎಂಬುದನ್ನು ತಿಳಿಯಲು ಆಗ ಕೈಗಡಿಯಾರವೇ ಗತಿ. ಸ್ವಿಟ್ಜರ್ಲೆಂಡಿನ ಬ್ಲಾಂಪೈನ್ ಸಂಸ್ಥೆಯ ಮುಖ್ಯಸ್ಥರಾಗಿದ್ದ ಜಾನ್ ಜಾಕ್ ಫೀಷ್ಟರ್ ಎಂಬವರು ಸ್ವತಃ ಮುಳುಗುವ ಹವ್ಯಾಸವುಳ್ಳವರು. ಒಮ್ಮೆ ಆಳದಲ್ಲಿ ಸಮಯದ ಪರಿವೆಯಿಲ್ಲದೆ ಗಾಳಿ ಮುಗಿದು ಪ್ರಾಣಾಪಾಯದಿಂದ ಪಾರಾದರು. ಆ ಅನುಭವದ ಫಲವಾಗಿ, ಫ್ರೆಂಚ್ ನೌಕಾಸೇನೆಯ ಮುಳುಗುಯೋಧರ ಬೇಡಿಕೆಗೂ ಒದಗುವಂತೆ, 1953ರಲ್ಲಿ 'ಫಿಫ್ಟಿ ಫ್ಯಾದಮ್ಸ್' ಎಂಬ ಗಡಿಯಾರವು ಹೊರಬಂದಿತು. ಐವತ್ತು ಫ್ಯಾದಮ್ ಎಂದರೆ ಸುಮಾರು 91 ಮೀಟರ್ ಆಳ. ಅದೇ ಕಾಲದಲ್ಲಿ ರೋಲೆಕ್ಸಿನವರ 'ಸಬ್‌ಮರೀನರ್' ಎಂಬುದೂ ಹುಟ್ಟಿತು. ಜಪಾನಿನ ಸೈಕೋ ಸಂಸ್ಥೆಯವರು 1965ರಲ್ಲಿ 150 ಮೀಟರಿಗೆ ತಾಳುವ ತಮ್ಮ ಮೊದಲನೆಯದನ್ನು ಹೊರತಂದರು. ಇಂದಿನ ಮುಳುಗುಗಾರರು ಮಣಿಕಟ್ಟಿನಲ್ಲಿ ಪುಟ್ಟ ಗಣಕಯಂತ್ರವನ್ನು ಕಟ್ಟಿಕೊಳ್ಳುವರು. ಗಡಿಯಾರವು ಅದಕ್ಕೆ ಎರಡನೆಯ ಸಾಕ್ಷಿ ಮಾತ್ರ. ಆದರೂ ಅದರ ಆಕರ್ಷಣೆ ಕುಗ್ಗಿಲ್ಲ.

ಲಕ್ಷಣ

ನೀರಿಗಿಳಿಯುವ ಗಡಿಯಾರಕ್ಕೆ ಅಂತರರಾಷ್ಟ್ರೀಯ ಪ್ರಮಾಣವೊಂದುಂಟು, ಐ.ಎಸ್.ಓ. 6425 ಎಂದು ಅದರ ಸಂಖ್ಯೆ. ಅದರಂತೆ ಗಡಿಯಾರವು ಕನಿಷ್ಠ 100 ಮೀಟರ್ ಆಳಕ್ಕೆ ತಾಳಬೇಕು. ಬರೆದಿರುವ ಆಳದ ಒತ್ತಡಕ್ಕಿಂತ ಕಾಲುಭಾಗ ಅಧಿಕವಾದ ಒತ್ತಡದಲ್ಲಿ ಪ್ರತಿಯೊಂದು ಗಡಿಯಾರವನ್ನೂ ಪರೀಕ್ಷಿಸಬೇಕು. ಕತ್ತಲೆಯಲ್ಲಿ 25 ಸೆಂಟಿಮೀಟರ್ ದೂರದಿಂದ ಮುಳ್ಳುಗಳು ಕಾಣಬೇಕು. ಉಪ್ಪುನೀರಿನಲ್ಲಿ 24 ಗಂಟೆ ಇಟ್ಟರೂ ಕೆಡಬಾರದು. ನೀರಿನಲ್ಲಿ ಪ್ರತಿ 10 ಮೀಟರ್ ಇಳಿದಂತೆ ಒಂದು ವಾಯುಮಂಡಲದಷ್ಟು ಒತ್ತಡವು ಹೆಚ್ಚುವುದು. ಮುರುಡೇಶ್ವರದ ಕಡಲಿನಲ್ಲಿ ಸುಮಾರು 19 ಕಿಲೋಮೀಟರ್ ದೂರದಲ್ಲಿರುವ ನೇತ್ರಾಣಿ ದ್ವೀಪಕ್ಕೆ ಹವ್ಯಾಸಿಗಳು ಮುಳುಗಲು ಹೋಗುವರು. ಹವ್ಯಾಸಿಗಳಿಗೆ ವಿಧಿಸಿರುವ ಪರಮಾವಧಿಯೇ 40 ಮೀಟರ್. ಆದುದರಿಂದ 200 ಮೀಟರಿನ ಗಡಿಯಾರವುಳ್ಳವನು ಸಾವಿರ ಮೀಟರಿನದನ್ನು ಬಯಸುವುದು ಅಗತ್ಯದಿಂದಲ್ಲ, ಅಭಿಮಾನದಿಂದ. ಕೆಲವು ಗಡಿಯಾರಗಳಲ್ಲಿ ಹೀಲಿಯಮ್ ಅನಿಲವನ್ನು ಹೊರಬಿಡುವ ಕವಾಟವುಂಟು. 1967ರಿಂದ ಬಂದ ಈ ಉಪಾಯವು ದಿನಗಟ್ಟಲೆ ಒತ್ತಡದ ಕೋಣೆಗಳಲ್ಲಿ ವಾಸಿಸುವ ವೃತ್ತಿಯವರಿಗೆ ಮಾತ್ರ ಪ್ರಯೋಜನಕಾರಿ.

ಈ ಗಡಿಯಾರದಲ್ಲಿ ನಮಗೆ ಅತ್ಯಂತ ಮೆಚ್ಚುಗೆಯಾದದ್ದು ಮುಖದ ಸುತ್ತಲೂ ತಿರುಗುವ ಬಳೆ. ನೀರಿಗಿಳಿಯುವಾಗ ಬಳೆಯ ಗುರುತನ್ನು ನಿಮಿಷದ ಮುಳ್ಳಿಗೆ ಎದುರಾಗಿ ನಿಲ್ಲಿಸಿದರೆ, ಅನಂತರ ಎಷ್ಟು ನಿಮಿಷ ಕಳೆಯಿತೆಂದು ಒಂದೇ ನೋಟಕ್ಕೆ ತಿಳಿಯುವುದು. ಈಗಿನವುಗಳಲ್ಲಿ ಬಳೆಯು ಎಡಕ್ಕೆ ಮಾತ್ರ ತಿರುಗುವುದು. ಕಾರಣವೇನೆಂದು ಕೇಳಿದೆವು. ಬಂಡೆಗೆ ತಗಲಿ ಬಳೆ ಅಕಸ್ಮಾತ್ತಾಗಿ ಸರಿದರೆ, ಕಳೆದ ಸಮಯವು ಇದ್ದುದಕ್ಕಿಂತ ಹೆಚ್ಚಾಗಿ ತೋರುವುದೇ ಹೊರತು ಕಡಮೆಯಾಗಿ ತೋರದು. ಮುಳುಗಿದವನು ಬೇಗ ಮೇಲೇಳುವನು, ನಷ್ಟವೇನೂ ಇಲ್ಲ. ತಪ್ಪು ಅನಿವಾರ್ಯವಾದರೆ ಅದು ಪ್ರಾಣವುಳಿಯುವ ಕಡೆಗೇ ಆಗಲಿ ಎಂಬ ಈ ವಿವೇಕವನ್ನು ಮನೆಯ ಖರ್ಚಿನ ಲೆಕ್ಕದಲ್ಲಿಯೂ ಅನುಸರಿಸಬಹುದೆಂದು ಅಳಿಯನಿಗೆ ಹೇಳಿದೆವು. ಅವನು ನಕ್ಕನು, ಆದರೆ ಅರ್ಥವಾಯಿತೆಂದು ಮುಖವು ತೋರಿತು.

ಸಾಮಾನ್ಯ ಗಡಿಯಾರಗಳ ಮೇಲೆ 30 ಮೀಟರ್ ಎಂದು ಬರೆದಿದ್ದರೆ ಅಷ್ಟು ಆಳಕ್ಕೆ ಧುಮುಕಬಹುದೆಂದು ಗೃಹಸ್ಥರು ಭ್ರಮಿಸಬಾರದು. ಕೈತೊಳೆಯುವಾಗ ಸಿಡಿಯುವ ಹನಿಗೂ ಮಳೆಗೂ ಹೆದರಬೇಕಾಗಿಲ್ಲವೆಂದಷ್ಟೇ ಅದರ ಅರ್ಥ. ಈಜುವವರು 100 ಮೀಟರಿನದನ್ನು ಆರಿಸತಕ್ಕದ್ದು. ನೀರನ್ನು ತಡೆಯುವುದು ಒಳಗಿನ ಸಣ್ಣ ರಬ್ಬರಿನ ಉಂಗುರಗಳು. ಅವು ವರ್ಷಗಳು ಕಳೆದಂತೆ ಒಣಗಿ ಬಿರಿಯುವುವು. ಬ್ಯಾಟರಿಯನ್ನು ಬದಲಾಯಿಸಲು ಮುಚ್ಚಳವನ್ನು ತೆರೆದಾಗಲೆಲ್ಲ ಆ ಉಂಗುರವನ್ನೂ ನೋಡಿಸಿ, ಒತ್ತಡದ ಪರೀಕ್ಷೆಯನ್ನು ಮಾಡಿಸಬೇಕು. ಬಿಸಿನೀರಿನ ಸ್ನಾನಕ್ಕೆ ಯಾವ ಗಡಿಯಾರವನ್ನೂ ಒಯ್ಯಬಾರದು. ಬಿಸಿಗೂ ಸಾಬೂನಿಗೂ ಆ ಉಂಗುರವು ಬೇಗನೆ ಸೋಲುವುದು.

ಪಟ್ಟಿಯ ವಿಚಾರ

ಇನ್ನು ಮುಖ್ಯ ವಿಷಯಕ್ಕೆ ಬರುವೆವು. ಅಳಿಯನು ತನ್ನ ಅತಿ ಬೆಲೆಬಾಳುವ ಗಡಿಯಾರಕ್ಕೆ ಮೊಸಳೆಯ ಚರ್ಮದಂತೆ ಮುದ್ರೆಯೊತ್ತಿದ ತೊಗಲಿನ ಪಟ್ಟಿಯೊಂದನ್ನು ಹಾಕಿಸಿದ್ದನು. "ಇದನ್ನೇ ಕಟ್ಟಿಕೊಂಡು ನೀರಿಗಿಳಿಯುವೆಯಾ?" ಎಂದೆವು. "ಇಳಿಯುವುದೆಲ್ಲಿ ಮಾವ, ಇದುವರೆಗೆ ಮೂರರಲ್ಲಿ ಒಂದೂ ನೀರು ಕಂಡದ್ದಿಲ್ಲ" ಎಂದು ಒಪ್ಪಿಕೊಂಡನು. ಆಗ ನಾವು ಬಹುಕಾಲದಿಂದ ಯಾರಿಗೂ ಹೇಳದಿದ್ದ ಒಂದು ಪ್ರಸಂಗವನ್ನು ಅವನಿಗೆ ಹೇಳಬೇಕಾಯಿತು.

ನಮ್ಮ ತೀರ್ಥರೂಪರು 1971ರಲ್ಲಿ ಅಡಿಕೆ ಮಾರಿದ ಹಣದಲ್ಲಿ ಒಂದು ಎಚ್.ಎಂ.ಟಿ. ಜನತಾ ಗಡಿಯಾರವನ್ನು ಕೊಂಡಿದ್ದರು. ಹದಿನೇಳು ಕಲ್ಲುಗಳದು, ನಿತ್ಯ ಬೆಳಗ್ಗೆ ಸಂಧ್ಯಾವಂದನೆಯಾದ ಬಳಿಕ ಕೀಲಿ ಕೊಡುವುದು ಅವರ ನಿಯಮ. 1986ರಲ್ಲಿ ನಮಗೆ ಶಾಲೆಯಲ್ಲಿ ಕೆಲಸವಾದಾಗ ಅದನ್ನು ತಮ್ಮ ಕೈಯಿಂದ ಬಿಚ್ಚಿ ನಮ್ಮ ಕೈಗೆ ಕಟ್ಟಿದರು. "ಮಕ್ಕಳನ್ನು ಕಾಯಿಸಬೇಡ" ಎಂದಿಷ್ಟೇ ಹೇಳಿದರು. 1992ರ ಆಟಿಯ ತಿಂಗಳಲ್ಲಿ ತೊಗಲಿನ ಪಟ್ಟಿಯು ಬೆವರಿನಿಂದಲೂ ಮಳೆಯಿಂದಲೂ ಬೂಸಲು ಹಿಡಿದು, ತೂತಿನ ಬಳಿ ಹರಿಯತೊಡಗಿದ್ದಿತು. ಬದಲಾಯಿಸಬೇಕೆಂದು ಒಂದು ತಿಂಗಳಿನಿಂದ ಅಂದುಕೊಳ್ಳುತ್ತಲೇ ಇದ್ದೆವು. ಹೊಸ ಪಟ್ಟಿಗೆ ಆಗ ಕೆಲವೇ ರೂಪಾಯಿಗಳು. ಮಾಣಿಯ ಪೇಟೆಗೆ ಇಳಿದರೆ ಸಾಕು. ಒಂದು ಮುಂಜಾನೆ ಶಾಲೆಗೆ ಹೊರಟವರು ತುಂಬಿ ಹರಿಯುತ್ತಿದ್ದ ತೋಡಿನ ಮೇಲಣ ಅಡಿಕೆ ಮರದ ಸಂಕವನ್ನು ದಾಟುತ್ತಿದ್ದೆವು. ಗಾಳಿಗೆ ಕೊಡೆ ಮಗುಚಿತು, ಕೈಹಿಡಿಗೆ ಕಟ್ಟಿದ್ದ ಬಿದಿರನ್ನು ತಟಕ್ಕನೆ ಹಿಡಿದೆವು, ಪಟ್ಟಿ ಹರಿಯಿತು. ಕೆಂಪುನೀರಿನಲ್ಲಿ ಗಡಿಯಾರವು ಬಿದ್ದ ಸದ್ದು ಕೂಡ ಕೇಳಲಿಲ್ಲ. ನೀರಿಳಿದ ಮೇಲೆ ಮೂರು ದಿನ ಕೆಸರನ್ನು ಬಗೆದು ನೋಡಿದೆವು. ಬಾವಿಗೆ ಬಿದ್ದ ಕೊಡಪಾನವನ್ನು ತೆಗೆಯುವ ಪಾತಾಳಗರಡಿಯನ್ನೂ ಆಡಿಸಿದೆವು. ಅದು ತೋಡಿನಿಂದ ನೇತ್ರಾವತಿಗೆ, ಅಲ್ಲಿಂದ ಸಮುದ್ರಕ್ಕೆ ಹೋಗಿರಬೇಕು.

ತೀರ್ಥರೂಪರಿಗೆ ಹೇಳಿದಾಗ ಅವರು ಗದರಲಿಲ್ಲ. "ಗಡಿಯಾರ ಕೆಟ್ಟಿರಲಿಲ್ಲವಲ್ಲ" ಎಂದರು. ಅಷ್ಟೇ. ಗದರಿದ್ದರೆ ನಾವು ಮರೆಯುತ್ತಿದ್ದೆವೋ ಏನೋ. ಅವರು ಅನಂತರ ಹನ್ನೊಂದು ವರ್ಷ ಬದುಕಿದ್ದರು. ಸಮಯ ಎಷ್ಟಾಯಿತೆಂದು ನಮ್ಮನ್ನು ಒಮ್ಮೆಯೂ ಕೇಳಲಿಲ್ಲ. ಗಡಿಯಾರವು ನೂರು ಮೀಟರ್ ತಾಳುವುದೋ ಸಾವಿರ ಮೀಟರ್ ತಾಳುವುದೋ ಎಂಬುದು ಎರಡನೆಯ ಪ್ರಶ್ನೆ. ಅದು ಕೈಯಲ್ಲಿ ನಿಲ್ಲುವುದೋ ಇಲ್ಲವೋ ಎಂಬುದು ಮೊದಲನೆಯದು. ಆ ಐ.ಎಸ್.ಓ. ಪ್ರಮಾಣದಲ್ಲಿಯೂ ಪಟ್ಟಿ ಸಿಕ್ಕಿಸುವ ಸ್ಥಾನಗಳನ್ನು 200 ನ್ಯೂಟನ್ ಬಲದಿಂದ ಎಳೆದು ನೋಡಬೇಕೆಂಬ ವಿಧಿಯಿರುವುದನ್ನು ಓದಿದಾಗ ನಮಗೆ ಆ ಸಂಕವೇ ಕಣ್ಣಮುಂದೆ ಬಂದಿತು. ನಮ್ಮ ಕಡೆಯ ಲೆಕ್ಕದಲ್ಲಿ ಹೇಳುವುದಾದರೆ ಅದು ಹೆಚ್ಚುಕಡಮೆ ಅರ್ಧ ಮುಡಿ ಅಕ್ಕಿಯನ್ನು ತೂಗುಹಾಕಿದಂತೆ.

ಪಟ್ಟಿಯನ್ನು ಆರಿಸುವಾಗ ಮೊದಲು ನೋಡತಕ್ಕದ್ದು ಅಗಲ. ಗಡಿಯಾರದ ಎರಡು ಕೊಂಬುಗಳ ಒಳಗಿನ ಅಂತರವನ್ನು ಮಿಲಿಮೀಟರುಗಳಲ್ಲಿ ಅಳೆಯಬೇಕು. ಹಳೆಯ ಎಚ್.ಎಂ.ಟಿ.ಗಳಲ್ಲಿ ಬಹುಮಟ್ಟಿಗೆ 18, ಮುಳುಗುಗಡಿಯಾರಗಳಲ್ಲಿ 20 ಅಥವಾ 22. ಪಟ್ಟಿಯು ಕಿರಿದಾದರೆ ಕಡ್ಡಿಯ ಮೇಲೆ ಅತ್ತಿತ್ತ ಸರಿಯುವುದು. 1964ರ 'ಗೋಲ್ಡ್‌ಫಿಂಗರ್' ಎಂಬ ಆಂಗ್ಲ ಚಲಚ್ಚಿತ್ರದಲ್ಲಿ ನಾಯಕನ ಸಬ್‌ಮರೀನರಿಗೆ ಅಳತೆ ಸಾಲದ ಪಟ್ಟಿಯನ್ನು ಹಾಕಿದ್ದುದನ್ನು ಸಂಗ್ರಾಹಕರು ಇಂದಿಗೂ ಆಡಿಕೊಳ್ಳುವರು. ಎರಡನೆಯದು, ಆ ಕಡ್ಡಿಗಳೇ. ಒಳಗೆ ಸ್ಪ್ರಿಂಗ್ ಇರುವ ಈ ಸಣ್ಣ ಕಡ್ಡಿಗಳ ಬೆಲೆ ಅತ್ಯಲ್ಪ. ಆದರೆ ಲಕ್ಷ ರೂಪಾಯಿಯ ಯಂತ್ರವು ತೂಗುವುದು ಅವುಗಳಿಂದಲೇ. ಪಟ್ಟಿಯನ್ನು ಬದಲಾಯಿಸುವಾಗಲೆಲ್ಲ ಇವುಗಳನ್ನೂ ಬದಲಾಯಿಸುವುದು ಕ್ಷೇಮಕರ.

ವಸ್ತುವಿನ ವಿಚಾರದಲ್ಲಿ ನಮ್ಮ ದೇಶಕಾಲಗಳನ್ನು ಗಮನಿಸಬೇಕು. ಸ್ವಿಟ್ಜರ್ಲೆಂಡಿನ ಹವೆಗೆ ಹಿತವಾದುದು ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುವ ತುಳುನಾಡಿಗೆ ಹಿತವಾಗಲಾರದು. ತೊಗಲು ಸುಂದರ, ಮದುವೆ ಮುಂಜಿಗಳಿಗೆ, ಮಾಘ ಫಾಲ್ಗುಣಗಳ ಒಣಹವೆಗೆ ಯೋಗ್ಯ. ಮಳೆಗಾಲದಲ್ಲಿ ಅದನ್ನು ಬಿಚ್ಚಿ, ಒಣಬಟ್ಟೆಯಿಂದ ಒರಸಿ, ಗಾಳಿಯಾಡುವಲ್ಲಿ ಇಡಬೇಕು.

ರಬ್ಬರಿನ ಪಟ್ಟಿಯು ಮುಳುಗುಗಾರರ ಮೊದಲ ಮಿತ್ರ. 1960ರ ದಶಕದಲ್ಲಿ 'ಟ್ರಾಪಿಕ್' ಎಂಬ ತೂತುತೂತಾದ ರಬ್ಬರಿನ ಪಟ್ಟಿಗಳು ಪ್ರಸಿದ್ಧವಾಗಿದ್ದುವು. ಬೆವರು ಆರಲೆಂದು ಆ ತೂತುಗಳು. ಆಳದಲ್ಲಿ ಒತ್ತಡದಿಂದ ಮುಳುಗುಡುಪು ಕುಗ್ಗಿ ಪಟ್ಟಿಯು ಸಡಿಲವಾಗುವುದನ್ನು ಕಂಡು, 1975ರಲ್ಲಿ ಸೈಕೋದವರು ತಾವು ಆಗ ಹೊರತಂದ 600 ಮೀಟರಿನ ಗಡಿಯಾರಕ್ಕೆ ಹಾರ್ಮೋನಿಯಮ್ಮಿನ ತಿದಿಯಂತೆ ನೆರಿಗೆಯುಳ್ಳ ಪಟ್ಟಿಯನ್ನು ಜೋಡಿಸಿದರು. ಅದು ತಾನೇ ಹಿಗ್ಗಿ ಕುಗ್ಗುವುದು. ಈಗ ಸಿಲಿಕೋನಿನವು ಅಗ್ಗವಾಗಿ ದೊರೆಯುವುವು. ಮೃದು, ಆದರೆ ಬಟ್ಟೆಯ ಎಳೆಯನ್ನೂ ಧೂಳನ್ನೂ ಎಳೆದುಕೊಳ್ಳುವುವು. ಎಫ್.ಕೆ.ಎಂ. ಎಂಬ ಫ್ಲೋರಿನ್ ಸೇರಿದ ರಬ್ಬರು ಬೆಲೆಯಲ್ಲಿ ಹೆಚ್ಚು. ಬಿಸಿಲು, ಎಣ್ಣೆ, ಬೆವರುಗಳಿಗೆ ಜಗ್ಗದು.

ಉಕ್ಕಿನ ಚೈನು ಬಹುಕಾಲ ಬಾಳುವುದು. ಮುಳುಗುಡುಪಿನ ಮೇಲೆ ಕಟ್ಟಲು ಉದ್ದವಾಗುವ ಕೊಂಡಿಯು ಅದರಲ್ಲಿರುವುದುಂಟು. ಕಡಲಿನಿಂದ ಬಂದ ಬಳಿಕ ಸಿಹಿನೀರಿನಿಂದ ತೊಳೆದು, ಕೊಂಡಿಗಳ ಸಂದಿಯನ್ನು ಮೃದುವಾದ ಬ್ರಷ್ಷಿನಿಂದ ಉಜ್ಜಬೇಕು.

ಕೊನೆಯದು ನೈಲಾನಿನ ಒಂದೇ ತುಂಡಿನ ಪಟ್ಟಿ. 1973ರಲ್ಲಿ ಬ್ರಿಟಿಷ್ ರಕ್ಷಣಾ ಇಲಾಖೆಯು ಸೈನಿಕರಿಗಾಗಿ ಇದರ ಅಳತೆಯನ್ನು ನಿರ್ಧರಿಸಿತು. 20 ಮಿಲಿಮೀಟರ್ ಅಗಲ, ಬೂದು ಬಣ್ಣ. ಸೈನಿಕನು ಇದನ್ನು ಪಡೆಯಲು ತುಂಬಬೇಕಾಗಿದ್ದ ಅರ್ಜಿಯ ಸಂಖ್ಯೆಯಿಂದ ಇದಕ್ಕೆ 'ಜಿ ಟೆನ್' ಎಂದು ಹೆಸರಾಯಿತು. ಅಂಗಡಿಗಳಲ್ಲಿ 'ನೇಟೋ ಪಟ್ಟಿ' ಎನ್ನುವರು. ಇದು ಎರಡು ಕಡ್ಡಿಗಳನ್ನೂ ಸುತ್ತಿ ಗಡಿಯಾರದ ಬೆನ್ನ ಕೆಳಗೆ ಹಾದುಹೋಗುವುದು. ಒಂದು ಕಡ್ಡಿ ಮುರಿದರೂ ಗಡಿಯಾರವು ಇನ್ನೊಂದರಲ್ಲಿ ತೂಗಾಡುವುದೇ ಹೊರತು ಬೀಳದು. ನೀರಿಗೆ ಕೊಳೆಯದು, ಸಾಬೂನಿನಿಂದ ಒಗೆಯಬಹುದು, ಸಾಧಾರಣವಾದದ್ದು ಕೆಲವು ನೂರು ರೂಪಾಯಿಗಳಿಗೆ ದೊರೆಯುವುದು. ತೋಟಕ್ಕೂ ತೋಡಿಗೂ ಇಳಿಯುವ ನಮ್ಮವರಿಗೆ ಇದಕ್ಕಿಂತ ಯೋಗ್ಯವಾದುದನ್ನು ನಾವು ಕಾಣೆವು.

ಸಂಗ್ರಹದ ವಿಚಾರ

ಹಾಗಾದರೆ ಗಡಿಯಾರಗಳನ್ನು ಸಂಗ್ರಹಿಸುವುದೇ ತಪ್ಪೇ? ಹಾಗೆಂದು ನಾವು ಹೇಳಲಾರೆವು. ತಾಳೆಗರಿಯ ಗ್ರಂಥಗಳನ್ನು ಕೂಡಿಡುವವನಿಗೂ ಗಡಿಯಾರಗಳನ್ನು ಕೂಡಿಡುವವನಿಗೂ ಮೂಲತಃ ಪ್ರವೃತ್ತಿಯೊಂದೇ. ಆದರೆ ವಿದೇಶದ ದುಬಾರಿ ವಸ್ತುವೇ ಸಂಗ್ರಹಯೋಗ್ಯವೆಂಬುದು ಭ್ರಾಂತಿ. ಹಿಂದೂಸ್ಥಾನ್ ಮೆಷಿನ್ ಟೂಲ್ಸ್ ಸಂಸ್ಥೆಯು 1961ರಲ್ಲಿ ಜಪಾನಿನ ಸಿಟಿಜನ್ ಸಂಸ್ಥೆಯ ಸಹಕಾರದಿಂದ ಬೆಂಗಳೂರಿನಲ್ಲಿ ಕೈಗಡಿಯಾರದ ಕಾರ್ಖಾನೆಯನ್ನು ತೆರೆಯಿತು. ಅಲ್ಲಿ ತಯಾರಾದ ಮೊದಲ ಗಡಿಯಾರಗಳನ್ನು ಪ್ರಧಾನಿ ಜವಾಹರಲಾಲ್ ನೆಹರೂ ಅವರು ಬಿಡುಗಡೆಮಾಡಿದರು. ಮುಂದೆ ತುಮಕೂರಿನಲ್ಲಿಯೂ ಕಾರ್ಖಾನೆಯಾಯಿತು. ಜನತಾ, ನೂತನ, ಕಾಂಚನ, ಪೈಲಟ್, ಕೊಹಿನೂರ್ ಮುಂತಾದ ನಾಮಧೇಯಗಳು ಮನೆಮನೆಯಲ್ಲಿಯೂ ಪರಿಚಿತವಾಗಿದ್ದುವು. ಕಾಂಚನವನ್ನು ಅಳಿಯನಿಗೆ ಉಡುಗೊರೆ ಕೊಡುವುದು ಒಂದು ಕಾಲದಲ್ಲಿ ಪ್ರತಿಷ್ಠೆಯ ವಿಷಯ. ತಮಿಳುನಾಡಿಗೆ ಸೇರಿದರೂ ಕನ್ನಡಿಗರ ನೆರೆಯಾದ ಹೊಸೂರಿನಲ್ಲಿ ಟೈಟನ್ ಕಾರ್ಖಾನೆ ಬಂದ ಮೇಲೆ, ಬ್ಯಾಟರಿಯ ಗಡಿಯಾರಗಳ ಮುಂದೆ ಎಚ್.ಎಂ.ಟಿ.ಯು ಹಿಂದೆ ಬಿದ್ದಿತು. 2016ರಲ್ಲಿ ಅದರ ಗಡಿಯಾರ ವಿಭಾಗವನ್ನು ಮುಚ್ಚಲು ಕೇಂದ್ರ ಸರಕಾರವು ನಿರ್ಧರಿಸಿತು; ತುಮಕೂರಿನ ಸ್ಥಳವು ಬಾಹ್ಯಾಕಾಶ ಸಂಸ್ಥೆಯ ವಶಕ್ಕೆ ಹೋಯಿತು. ಜಾಲಹಳ್ಳಿಯಲ್ಲಿ ತೆರೆದ ವಸ್ತುಸಂಗ್ರಹಾಲಯದಲ್ಲಿ ಆ ಕಾಲದ ಗಡಿಯಾರಗಳನ್ನು ಈಗಲೂ ನೋಡಬಹುದು. 2018ರಲ್ಲಿ ಬೆಂಗಳೂರು ವಾಚ್ ಕಂಪೆನಿ ಎಂಬ ಹೊಸ ಸಂಸ್ಥೆಯು ಹುಟ್ಟಿ, ನಮ್ಮ ದೇಶದ ವಿಮಾನಯಾನ, ಬಾಹ್ಯಾಕಾಶ ಮೊದಲಾದ ವಿಷಯಗಳನ್ನು ಮುಖಫಲಕದ ಮೇಲೆ ತಂದಿರುವುದೂ ಗಮನಾರ್ಹ.

ಹಳೆಯದನ್ನು ಕೊಳ್ಳುವವರಿಗೆ ಎರಡು ಎಚ್ಚರಿಕೆಗಳು. ಹಲವು ಗಡಿಯಾರಗಳ ಅವಯವಗಳನ್ನು ಕೂಡಿಸಿ, ಮುಖಕ್ಕೆ ಹೊಸ ಬಣ್ಣ ಬಳಿದು, ಹಳೆಯದೆಂದು ಮಾರುವವರು ಬಹಳ. ಬಣ್ಣವು ಅತಿಯಾಗಿ ಹೊಳೆದರೆ ಸಂಶಯಪಡಬೇಕು. ಇನ್ನೊಂದು, ಹಿಂದಿನ ಕಾಲದ ಕೆಲವು ವಿದೇಶೀ ಗಡಿಯಾರಗಳಲ್ಲಿ ಕತ್ತಲೆಯಲ್ಲಿ ಹೊಳೆಯಲೆಂದು ರೇಡಿಯಮ್ ಬಳಿದಿರುವರು. ಅದರ ಪುಡಿಯು ದೇಹಕ್ಕೆ ಹಾನಿಕರ. ಅಂಥವನ್ನು ಮನೆಯಲ್ಲಿ ಬಿಚ್ಚಬಾರದು, ಮಕ್ಕಳ ಕೈಗೆ ಕೊಡಬಾರದು. ಈಗಿನ ಗಡಿಯಾರಗಳಲ್ಲಿ ಬಳಸುವ ಹೊಳಪಿನ ಬಣ್ಣಕ್ಕೆ ಈ ದೋಷವಿಲ್ಲ.

ಅಳಿಯನಿಗೆ ನಾವು ಉಪದೇಶಿಸಿದ ನಿಯಮಗಳು ಮೂರೇ. ಸಾಲಮಾಡಿ ಸಂಗ್ರಹಿಸಬಾರದು. ಮನೆಯವರಿಂದ ಬಚ್ಚಿಡಬೇಕಾದ ವಸ್ತುವನ್ನು ಕೊಳ್ಳಬಾರದು. ವರ್ಷಕ್ಕೊಮ್ಮೆಯೂ ಕೈಗೆ ಕಟ್ಟದ ಗಡಿಯಾರವನ್ನು ಕಟ್ಟುವವನಿಗೆ ಕೊಟ್ಟುಬಿಡಬೇಕು. ಅವನು ಬಹಳ ಹೊತ್ತು ಮಾತಾಡಲಿಲ್ಲ. ಹೊರಡುವಾಗ, "ಆ ತೋಡು ಯಾವುದು ಮಾವ? ನಮ್ಮ ಗದ್ದೆಯ ಬದಿಯದೋ?" ಎಂದು ಮಾತ್ರ ಕೇಳಿದನು. ತೋರಿಸಿದೆವು. ಈಗ ಅಲ್ಲಿ ಸಿಮೆಂಟಿನ ಸೇತುವೆಯಾಗಿದೆ.

ಸ್ವಿಸ್ ಗಡಿಯಾರಗಳಲ್ಲಿ ಒಂದನ್ನು ಅವನು ಮಾರಿದನು. ಹಟ್ಟಿಯ ಮಾಡಿಗೆ ಹೊಸ ಹಂಚು ಬಂದಿತು. ನಮ್ಮ ತಂಗಿಯು ಕಾಫಿಯನ್ನು ಕುಡಿದಳು. ನಾಲ್ಕನೆಯದರ ಮಾತು ಮತ್ತೆ ಬರಲಿಲ್ಲ. ಉಳಿದೆರಡರಲ್ಲಿ ಒಂದಕ್ಕೆ ರಬ್ಬರಿನ ಪಟ್ಟಿಯನ್ನು ಹಾಕಿಸಿ, ಮಳೆಗಾಲ ಕಳೆದ ಬಳಿಕ ನೇತ್ರಾಣಿಗೆ ಹೋಗಿ ಮುಳುಗಿ ಬಂದನು. ಹನ್ನೆರಡು ಮೀಟರ್ ಆಳದಲ್ಲಿ ಬಳೆಯನ್ನು ನೋಡಿ ನಮ್ಮ ನೆನಪಾಯಿತೆಂದು ಬರೆದನು. ದೀಪಾವಳಿಗೆ ಬಂದವನು ನಮ್ಮ ಮುಂದೆ ಒಂದು ಹಳೆಯ ಜನತಾ ಗಡಿಯಾರವನ್ನು ಇಟ್ಟನು. ಬೆಂಗಳೂರಿನಲ್ಲಿ ಹುಡುಕಿ ತಂದುದು. ಅಳತೆ ತಪ್ಪದ ಹದಿನೆಂಟು ಮಿಲಿಮೀಟರಿನ ನೈಲಾನ್ ಪಟ್ಟಿಯನ್ನು ತಾನೇ ಹಾಕಿದ್ದನು.

ಇದು ತೀರ್ಥರೂಪರ ಗಡಿಯಾರವಲ್ಲ. ಹಾಗೆಂದು ನಾವು ನಟಿಸುವುದೂ ಇಲ್ಲ. ಆದರೆ ನಿತ್ಯವೂ ಸಂಧ್ಯಾವಂದನೆಯಾದ ಬಳಿಕ ಕೀಲಿ ಕೊಡುವೆವು. ಪಟ್ಟಿಯ ಅಂಚು ಒಂದೆಡೆ ಸ್ವಲ್ಪ ನೂಲುಬಿಟ್ಟಿರುವುದನ್ನು ನಿನ್ನೆ ಕಂಡೆವು. ಈ ಲೇಖನವನ್ನು ಅಂಚೆಗೆ ಹಾಕಲು ಪೇಟೆಗೆ ಹೋಗುವುದುಂಟಷ್ಟೆ. ಹೊಸ ಪಟ್ಟಿಯನ್ನು ಇಂದೇ ತರುವೆವು. ಇತ್ಯಲಮತಿವಿಸ್ತರೇಣ.